ಮುಕ್ತ ಪೇಟೆಯ ಪಾಠ: ಪರ್ಮಿಟ್ ರಾಜ್ಯ ಹೋದದ್ದು ಹೇಗೆ?



ನಮ್ಮ ಸಂಘಗಳ ಸಭೆಗಳಲ್ಲಿ ಎರಡು ಮಾತು ಪದೇ ಪದೇ ಕೇಳಿಬರುತ್ತವೆ. ಒಂದು: "ಸರಕಾರ ನಮ್ಮ ವ್ಯಾಪಾರದಲ್ಲಿ ಕೈ ಹಾಕುವುದನ್ನು ಬಿಡಲಿ, ನಾವು ಬದುಕಿಕೊಳ್ಳುತ್ತೇವೆ." ಇನ್ನೊಂದು: "ಸರಕಾರ ಆ್ಯಪ್‌ನವರ ಕಮಿಷನ್ನಿಗೆ ಮಿತಿ ಹಾಕಲಿ, ಎದುರಿನ ಗಾಡಿಯವನನ್ನು ಎಬ್ಬಿಸಲಿ, ಚಹಾಕ್ಕೆ ಕನಿಷ್ಠ ದರ ಗೊತ್ತು ಮಾಡಲಿ." ಎಷ್ಟೋ ಸಲ ಎರಡೂ ಮಾತು ಒಬ್ಬರ ಬಾಯಿಂದಲೇ, ಹತ್ತು ನಿಮಿಷದ ಅಂತರದಲ್ಲಿ ಬರುತ್ತವೆ. ಇವೆರಡೂ ಒಟ್ಟಿಗೆ ನಿಲ್ಲುತ್ತವೆಯೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಮುಕ್ತ ಪೇಟೆ ಎಂಬ ತತ್ತ್ವ ನಮ್ಮ ದೇಶದಲ್ಲಿ ಹೇಗೆ ಮೂಲೆಗೆ ಬಿತ್ತು, ಹೇಗೆ ತಿರುಗಿ ಬಂತು ಎಂಬುದನ್ನು ತಿಳಿಯಬೇಕು. ನಾನು ಹತ್ತನೇ ತರಗತಿ ತನಕ ಓದಿದವನು. ಅರ್ಥಶಾಸ್ತ್ರವನ್ನು ಗಲ್ಲಾದ ಹಿಂದೆ ಕೂತು ಕಲಿತದ್ದೇ ಹೆಚ್ಚು. ಹಾಗಾಗಿ ಹೋಟೆಲಿನ ಭಾಷೆಯಲ್ಲೇ ಬರೆಯುತ್ತೇನೆ.

ತತ್ತ್ವ ಏನು?

ನಾಳೆ ಸೋಮವಾರ ಬೆಳಿಗ್ಗೆ ಮಾಟುಂಗದ ಒಂದು ಹೋಟೆಲಿಗೆ ಎಷ್ಟು ಇಡ್ಲಿ ಬೇಕು? ದಿಲ್ಲಿಯಲ್ಲಿ ಕೂತ ಅಧಿಕಾರಿಗೆ ಇದು ಗೊತ್ತಿಲ್ಲ. ಎಷ್ಟು ದೊಡ್ಡ ಪುಸ್ತಕ ಓದಿದರೂ ಗೊತ್ತಾಗುವುದಿಲ್ಲ. ಆದರೆ ನಮ್ಮ ಅಡುಗೆ ಭಟ್ಟರಿಗೆ ಗೊತ್ತಿದೆ. ಅವರು ಮಳೆ ನೋಡುತ್ತಾರೆ, ಏಕಾದಶಿ ನೋಡುತ್ತಾರೆ, ಶಾಲೆಗೆ ರಜೆ ಇದೆಯೇ ನೋಡುತ್ತಾರೆ, ಅಷ್ಟಕ್ಕೆ ಸರಿಯಾಗಿ ಅಕ್ಕಿ ನೆನೆ ಹಾಕುತ್ತಾರೆ. ಹೀಗೆ ಊರೂರಲ್ಲಿ, ಅಂಗಡಿ ಅಂಗಡಿಯಲ್ಲಿ ಹಂಚಿಹೋದ ತಿಳಿವಳಿಕೆಯನ್ನು ಒಂದು ಕಚೇರಿಯಲ್ಲಿ ಕೂಡಿಹಾಕಲು ಬರುವುದಿಲ್ಲ. ಹಯೆಕ್ ಎಂಬ ಆಸ್ಟ್ರಿಯಾ ಮೂಲದ ಅರ್ಥಶಾಸ್ತ್ರಜ್ಞರ ವಾದದ ತಿರುಳು ಇದೇ. ಅವರಿಗೆ 1974ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡನೆಯದು ಬೆಲೆ. ಬೆಲೆ ಎಂದರೆ ಬರೀ ಹಣದ ಲೆಕ್ಕವಲ್ಲ, ಅದೊಂದು ಸುದ್ದಿ. ಉದ್ದಿನ ಬೇಳೆ ಏರಿದರೆ ನಾವು ವಡೆ ಕಡಿಮೆ ಮಾಡಿ ಉಪ್ಪಿಟ್ಟು ಹೆಚ್ಚು ಮಾಡುತ್ತೇವೆ, ರೈತ ಮುಂದಿನ ಬೆಳೆಗೆ ಉದ್ದು ಹೆಚ್ಚು ಬಿತ್ತುತ್ತಾನೆ. ಯಾರೂ ಯಾರಿಗೂ ಆಜ್ಞೆ ಮಾಡಲಿಲ್ಲ, ಆದರೂ ಕೆಲಸ ಆಯಿತು. ಬೆಲೆಯನ್ನು ಕಾನೂನಿನಿಂದ ಕಟ್ಟಿಹಾಕಿದರೆ ಸುದ್ದಿ ನಿಲ್ಲುತ್ತದೆ. ಮಾಲು ಅಂಗಡಿಯ ಮುಂಬಾಗಿಲಿನಿಂದ ಮಾಯವಾಗಿ ಹಿಂಬಾಗಿಲಿಗೆ ಹೋಗುತ್ತದೆ.

ಮೂರನೆಯದು ಸರಕಾರದ ಪಾಲು. ಈ ತತ್ತ್ವ ಹೇಳುವವರು ಸರಕಾರವೇ ಬೇಡ ಎನ್ನುವುದಿಲ್ಲ. ನಾಣ್ಯದ ಬೆಲೆ ಉಳಿಸುವುದು, ತೂಕ ಅಳತೆ ಸರಿಯಿಡುವುದು, ಕರಾರು ಮುರಿದವನನ್ನು ಕೋರ್ಟಿನಲ್ಲಿ ಹಿಡಿಯುವುದು, ಕಲಬೆರಕೆ ತಡೆಯುವುದು ಸರಕಾರದ ಕೆಲಸ. ದೋಸೆ ಹುಯ್ಯುವುದು, ದೋಸೆಗೆ ದರ ಹಾಕುವುದು ಅದರ ಕೆಲಸವಲ್ಲ.

ಪಡಿತರ ಕಾಲದ ಹೋಟೆಲು

ನಮ್ಮ ಹಿರಿಯರು ಕಟ್ಟಿದ ಹೋಟೆಲುಗಳು ಹತೋಟಿಯ ಕಾಲದಲ್ಲಿ ಬೆಳೆದವು. ಎರಡನೇ ಮಹಾಯುದ್ಧದ ವೇಳೆ, 1943ರಲ್ಲಿ ಮುಂಬಯಿಗೆ ಪಡಿತರ ಬಂತು. ಯುದ್ಧಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂ.ಟಿ.ಆರ್.ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಹಾಗೆ ರವಾ ಇಡ್ಲಿ ಹುಟ್ಟಿತು ಎಂದು ಅವರ ಮನೆತನದವರೇ ಹೇಳುತ್ತಾ ಬಂದಿದ್ದಾರೆ.

ಯುದ್ಧ ಮುಗಿದರೂ ಹತೋಟಿ ಹೋಗಲಿಲ್ಲ. 1952ರಲ್ಲಿ ರಾಜಾಜಿಯವರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾದರು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸ್ ರಾಜ್ಯದಲ್ಲೇ ಇತ್ತು ಎಂಬುದು ಹಿರಿಯರಿಗೆ ನೆನಪಿರಬಹುದು. ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಅವರು ಆಹಾರ ಧಾನ್ಯದ ಹತೋಟಿ ಎತ್ತಿಹಾಕಿದರು. ಅನರ್ಥವಾಗುತ್ತದೆ ಎಂದು ಹೆದರಿಸಿದವರು ಬಹಳ. ಆದರೆ ಅಡಗಿ ಕೂತಿದ್ದ ಅಕ್ಕಿ ಹೊರಗೆ ಬಂತು. ಕೇಂದ್ರದಲ್ಲಿ ಆಹಾರ ಮಂತ್ರಿಯಾಗಿದ್ದ ರಫಿ ಅಹಮದ್ ಕಿದ್ವಾಯಿಯವರೂ ಅದೇ ದಾರಿ ಹಿಡಿದರು.

ಈ ಪಾಠ ಹೆಚ್ಚು ಕಾಲ ನೆನಪಲ್ಲಿ ಉಳಿಯಲಿಲ್ಲ. 1965ರಲ್ಲಿ ಪಶ್ಚಿಮ ಬಂಗಾಳ ಸರಕಾರ ಹಾಲು ಉಳಿಸುವ ಹೆಸರಿನಲ್ಲಿ ಛೇನಾದ ಸಿಹಿತಿಂಡಿಗೇ ತಡೆ ಹಾಕಿತು. ಕಲ್ಕತ್ತೆಯಲ್ಲಿ ಸಂದೇಶ, ರಸಗುಲ್ಲ ಇಲ್ಲ ಎಂದರೆ ಸಿಹಿ ಅಂಗಡಿಯವರ ಪಾಡು ಏನಾಗಿರಬೇಕು? ಹಲವು ರಾಜ್ಯಗಳಲ್ಲಿ ಅತಿಥಿ ನಿಯಂತ್ರಣ ಆಜ್ಞೆ ಬಂತು. ಮದುವೆ ಊಟಕ್ಕೆ ಎಷ್ಟು ಎಲೆ ಹಾಕಬೇಕೆಂದು ಸರಕಾರ ಹೇಳತೊಡಗಿತು. ಕೇಟರಿಂಗ್‌ನವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? 1973ರಲ್ಲಿ ಕೇಂದ್ರ ಸರಕಾರ ಗೋಧಿಯ ಸಗಟು ವ್ಯಾಪಾರವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಗೋಧಿ ಪೇಟೆಗೆ ಬರಲಿಲ್ಲ, ಬೆಲೆ ಏರಿತು, 1974ರಲ್ಲಿ ಆ ನೀತಿಯನ್ನು ಕೈಬಿಡಬೇಕಾಯಿತು. ಅದೇ ಹೊತ್ತಿಗೆ, 1973-74ರಲ್ಲಿ, ಆದಾಯ ತೆರಿಗೆಯ ಮೇಲಿನ ದರ ಸರ್ಚಾರ್ಜ್ ಸೇರಿ ಶೇಕಡಾ 97.75 ಆಗಿತ್ತು. ಆ ಮಟ್ಟದ ಮೇಲೆ ನೂರು ರೂಪಾಯಿ ದುಡಿದವನಿಗೆ ಉಳಿಯುವುದು ಎರಡೂಕಾಲು ರೂಪಾಯಿ. ಕಪ್ಪುಹಣ ಬೆಳೆದದ್ದರಲ್ಲಿ ಆಶ್ಚರ್ಯ ಏನು?

ತುರ್ತು ಪರಿಸ್ಥಿತಿ ಬಂದಾಗ ಹೋಟೆಲ್ ತಿಂಡಿಯ ದರವನ್ನು ಸರಕಾರ ತೀರಾ ಕೆಳಗೆ ಕಟ್ಟಿತು. ಆ ದರಕ್ಕೆ ತಮ್ಮ ಗುಣಮಟ್ಟದ ತಿಂಡಿ ಕೊಡಲು ಸಾಧ್ಯವಿಲ್ಲದೆ, ಗುಣಮಟ್ಟ ಇಳಿಸಲೂ ಒಪ್ಪದೆ ಎಂ.ಟಿ.ಆರ್. ಹೋಟೆಲು ಬಾಗಿಲು ಹಾಕಿತು. ಕೆಲಸದವರನ್ನು ಉಳಿಸಿಕೊಳ್ಳಲು ಮಸಾಲೆ ಪುಡಿ, ಇಡ್ಲಿ ಮಿಶ್ರಣದ ಪೊಟ್ಟಣ ಮಾಡಿ ಮಾರಿದರು. ಆ ಪೊಟ್ಟಣದ ವ್ಯಾಪಾರವೇ ಮುಂದೆ ದೊಡ್ಡ ಕಂಪೆನಿಯಾಗಿ ಬೆಳೆದದ್ದು ನಮಗೆಲ್ಲ ಗೊತ್ತು. ಇದನ್ನು ಕೇಳಿ "ಹತೋಟಿಯಿಂದ ಒಳ್ಳೆಯದೇ ಆಯಿತಲ್ಲ" ಎನ್ನುವವರಿದ್ದಾರೆ. ಹಾಗಲ್ಲ. ಬಂಡವಾಳ, ಹೆಸರು ಇದ್ದ ಒಬ್ಬರು ದಾರಿ ಕಂಡುಕೊಂಡರು. ದಾರಿ ಕಾಣದೆ ಮುಚ್ಚಿದ ಸಣ್ಣ ಹೋಟೆಲಿನವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ನಮ್ಮ ಕರಾವಳಿಯ ಶೆಣೈಯವರು

ಈ ಹತೋಟಿಯ ದಾರಿ ತಪ್ಪು ಎಂದು ಮೊದಲೇ ಬರೆದಿಟ್ಟವರು ನಮ್ಮ ಕಡೆಯವರೇ. ಅವರು ಪ್ರೊಫೆಸರ್ ಬಿ. ಆರ್. ಶೆಣೈ, ಅಂದರೆ ಬೆಳ್ಳಿಕೋತ್ ರಘುನಾಥ ಶೆಣೈ. ಹುಟ್ಟಿದ್ದು 1905ರಲ್ಲಿ, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ. ಆ ಊರು ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ಕಾಶಿಯಲ್ಲಿಯೂ ಲಂಡನಿನಲ್ಲಿಯೂ ಓದಿ, ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿ, ಅಹಮದಾಬಾದಿನಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಲಂಡನಿನಲ್ಲಿದ್ದಾಗ ಹಯೆಕ್‌ರ ಉಪನ್ಯಾಸಗಳನ್ನು ಕೇಳಿದ್ದರು.

1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ಕೊಡಲು ಅರ್ಥಶಾಸ್ತ್ರಜ್ಞರ ಮಂಡಳಿ ಕೂತಿತು. ದೇಶದ ಹೆಸರಾಂತ ಪಂಡಿತರೆಲ್ಲ ಯೋಜನೆಗೆ ಒಪ್ಪಿಗೆ ಹಾಕಿದರು. ಭಿನ್ನಮತದ ಟಿಪ್ಪಣಿ ಬರೆದವರು ಶೆಣೈಯವರೊಬ್ಬರೇ. ಅವರ ಮಾತಿನ ಸಾರ ನಮ್ಮ ಗಾದೆಯಷ್ಟೇ ಸರಳ: ಹಾಸಿಗೆ ಇದ್ದಷ್ಟು ಕಾಲು ಚಾಚು. ದೇಶದ ಜನ ಉಳಿತಾಯ ಮಾಡಬಲ್ಲದ್ದಕ್ಕಿಂತ ಯೋಜನೆ ದೊಡ್ಡದು, ಕೊರತೆಯನ್ನು ನೋಟು ಮುದ್ರಿಸಿ ತುಂಬಿಸಿದರೆ ಬೆಲೆ ಏರುತ್ತದೆ, ಬೆಲೆ ಏರಿದಾಗ ಹತೋಟಿ ಹಾಕಬೇಕಾಗುತ್ತದೆ, ಹತೋಟಿ ಹೆಚ್ಚಿದರೆ ಪ್ರಜಾಪ್ರಭುತ್ವಕ್ಕೇ ಒಳ್ಳೆಯದಲ್ಲ ಎಂದರು. ಆ ಯೋಜನೆಯಲ್ಲಿ 1,200 ಕೋಟಿ ರೂಪಾಯಿಯನ್ನು ಕೊರತೆ ಹಣಕಾಸಿನಿಂದ ತುಂಬಿಸುವ ಲೆಕ್ಕವಿತ್ತು.

ಅವರ ಮಾತನ್ನು ಯಾರೂ ಕೇಳಲಿಲ್ಲ. ಎರಡೇ ವರ್ಷದಲ್ಲಿ, 1957ರಲ್ಲಿ, ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಬೇಕಾಯಿತು. ಅದುವರೆಗೆ ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಶೆಣೈಯವರು 1978ರಲ್ಲಿ ತೀರಿಕೊಂಡರು. ತಾವು ಹೇಳಿದ್ದು ಸರಕಾರದ ನೀತಿಯಾಗುವುದನ್ನು ನೋಡಲಿಲ್ಲ.

ಹೋಟೆಲಿನ ಹಾಲಿನಿಂದ ಸ್ಟೇಡಿಯಮ್ಮಿಗೆ

ಅಧಿಕಾರ ಇಲ್ಲದಿದ್ದರೂ ಈ ವಿಚಾರ ಸಾಯಲಿಲ್ಲ. ಅದನ್ನು ಉಳಿಸಿದವರು ಮುಂಬಯಿಯ ಕೆಲವರು. 1956ರಲ್ಲಿ ಎ. ಡಿ. ಶ್ರಾಫ್ ಅವರು ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಸಂಸ್ಥೆ ಸ್ಥಾಪಿಸಿದರು. ಅದರ ಆಶ್ರಯದಲ್ಲಿ ವಕೀಲ ನಾನಿ ಪಾಲ್ಖಿವಾಲಾ ಅವರು ಪ್ರತಿ ವರ್ಷ ಬಜೆಟ್ ಬಗ್ಗೆ ಭಾಷಣ ಮಾಡುತ್ತಿದ್ದರು. 1958ರಲ್ಲಿ ಆ ಭಾಷಣ ಶುರುವಾದದ್ದು ಗ್ರೀನ್ಸ್ ಹೋಟೆಲಿನ ಒಂದು ಸಣ್ಣ ಹಾಲಿನಲ್ಲಿ. ಜನ ಹೆಚ್ಚಿ ಹೆಚ್ಚಿ ಕೊನೆಗೆ ಬ್ರೇಬೋರ್ನ್ ಸ್ಟೇಡಿಯಮ್ಮೇ ಬೇಕಾಯಿತು. ಹೋಟೆಲಿನವರಾದ ನಮಗೆ ಇದು ಸಂತೋಷದ ಸಂಗತಿ. ಒಂದು ವಿಚಾರಕ್ಕೆ ಕೂರಲು ಜಾಗ ಕೊಟ್ಟದ್ದು ಒಂದು ಹೋಟೆಲು.

ರಾಜಕೀಯದಲ್ಲಿ 1959ರಲ್ಲಿ ರಾಜಾಜಿ, ಮೀನೂ ಮಸಾನಿ, ಎನ್. ಜಿ. ರಂಗಾ ಸೇರಿ ಸ್ವತಂತ್ರ ಪಕ್ಷ ಕಟ್ಟಿದರು. ಲೈಸನ್ಸ್-ಪರ್ಮಿಟ್ ರಾಜ್ಯ ಎಂಬ ಮಾತನ್ನು ಮನೆಮಾತು ಮಾಡಿದವರು ರಾಜಾಜಿಯೇ. 1967ರ ಲೋಕಸಭೆಯಲ್ಲಿ ಈ ಪಕ್ಷ 44 ಸ್ಥಾನ ಪಡೆದು ವಿರೋಧ ಪಕ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಯಿತು. 1971ರಲ್ಲಿ 8ಕ್ಕೆ ಇಳಿಯಿತು, 1974ರಲ್ಲಿ ಬೇರೆ ಪಕ್ಷದೊಳಗೆ ಸೇರಿಹೋಯಿತು.

ಇಂಗ್ಲೆಂಡಿನ ಕೋಳಿ ವ್ಯಾಪಾರಿ

ಇಂಗ್ಲೆಂಡಿನಲ್ಲಿ ಈ ವಿಚಾರ ಮೇಲೆ ಬಂದ ಕಥೆ ನಮ್ಮಂಥ ವ್ಯಾಪಾರಸ್ಥರು ತಿಳಿಯಬೇಕಾದದ್ದು. ಆಂಟನಿ ಫಿಷರ್ ಎಂಬವರು 1945ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯಲ್ಲಿ ಹಯೆಕ್‌ರ ಪುಸ್ತಕದ ಸಂಗ್ರಹ ಓದಿದರು. ಹಯೆಕ್‌ರನ್ನು ಹುಡುಕಿಕೊಂಡು ಹೋಗಿ, ತಾನು ರಾಜಕೀಯಕ್ಕೆ ಇಳಿಯಲೇ ಎಂದು ಕೇಳಿದರು. ರಾಜಕೀಯ ಬೇಡ, ಮೊದಲು ವಿಚಾರ ಹರಡುವವರ ಮನಸ್ಸು ಬದಲಾಗಬೇಕು ಎಂದು ಹಯೆಕ್ ಸಲಹೆ ಕೊಟ್ಟರು. ಫಿಷರ್ ಅಮೆರಿಕಕ್ಕೆ ಹೋಗಿ ಬ್ರಾಯ್ಲರ್ ಕೋಳಿ ಸಾಕುವ ವಿಧಾನ ನೋಡಿ ಬಂದು, ಬಕ್ಸ್‌ಟೆಡ್ ಎಂಬ ಹೆಸರಿನಲ್ಲಿ ಕೋಳಿ ವ್ಯಾಪಾರ ಶುರು ಮಾಡಿದರು. ಶ್ರೀಮಂತರ ಊಟವಾಗಿದ್ದ ಕೋಳಿ ಸಾಮಾನ್ಯರ ಮನೆಗೆ ಬಂತು. ಆ ಲಾಭದ ಹಣದಿಂದ 1955ರಲ್ಲಿ ಲಂಡನಿನಲ್ಲಿ ಒಂದು ಅಧ್ಯಯನ ಸಂಸ್ಥೆ ತೆರೆದರು. ಅದು ಇಪ್ಪತ್ತು ವರ್ಷ ಸಣ್ಣ ಸಣ್ಣ ಪುಸ್ತಿಕೆ ಹೊರಡಿಸಿತು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದಾಗ ಆ ಪುಸ್ತಿಕೆಗಳ ವಿಚಾರವೇ ಸರಕಾರದ ನೀತಿಯಾಯಿತು. ಅದೇ ವರ್ಷ ಆದಾಯ ತೆರಿಗೆಯ ಮೇಲಿನ ದರ 83ರಿಂದ 60ಕ್ಕೆ ಇಳಿಯಿತು, ವಿದೇಶಿ ವಿನಿಮಯದ ಹತೋಟಿ ಹೋಯಿತು. 1981ರಲ್ಲಿ ಅಮೆರಿಕದಲ್ಲಿ ರೇಗನ್ ಬಂದರು, ಅಲ್ಲಿಯೂ ಅದೇ ಗಾಳಿ ಬೀಸಿತು.

ಅಂದರೆ 1955ರಲ್ಲೇ ನಮ್ಮ ಶೆಣೈಯವರು ಟಿಪ್ಪಣಿ ಬರೆದರು, 1955ರಲ್ಲೇ ಫಿಷರ್ ಸಂಸ್ಥೆ ತೆರೆದರು. ವಿಚಾರ ಎಂಬುದು ದೋಸೆ ಹಿಟ್ಟಿನ ಹಾಗೆ. ಹುದುಗು ಬರಲು ಸಮಯ ಬೇಕು. ಅವಸರ ಮಾಡಿದರೆ ಆಗದು, ಮರೆತು ಬಿಟ್ಟರೂ ಆಗದು.

1991 ಮತ್ತು ಆಮೇಲೆ

ನಮ್ಮಲ್ಲಿ ಬದಲಾವಣೆ ಬಂದದ್ದು ಕೈ ಖಾಲಿಯಾದಾಗ. 1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳುಹಿಸಿ ಸಾಲ ತರಬೇಕಾಯಿತು. ಪಿ. ವಿ. ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. 1991ರ ಜುಲೈ 24ರಂದು ಬಂದ ಹೊಸ ಕೈಗಾರಿಕಾ ನೀತಿ 18 ಕೈಗಾರಿಕೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸನ್ಸ್ ತೆಗೆದುಹಾಕಿತು. ಹೊಸ ಫೋನಿಗೆ, ಸ್ಕೂಟರಿಗೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಇವತ್ತು ನಮ್ಮ ಕಪ್ಪು ತೊಳೆಯುವ ಹುಡುಗನ ಕೈಯಲ್ಲೂ ಫೋನಿದೆ.

ಆಮೇಲೆ ನಡಿಗೆ ನಿಧಾನವಾದರೂ ದಿಕ್ಕು ಹೆಚ್ಚುಕಡಿಮೆ ಅದೇ. 2015ರಲ್ಲಿ ಯೋಜನಾ ಆಯೋಗದ ಜಾಗಕ್ಕೆ ನೀತಿ ಆಯೋಗ ಬಂತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು, ಅದೇ ನವೆಂಬರಿನಲ್ಲಿ ನಮ್ಮ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ ಶೇಕಡಾ 5ರ ದರ ಆಯಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾದವರ ಕೈಗೆ ಹೋಯಿತು. 2023ರ ಜನ ವಿಶ್ವಾಸ್ ಕಾಯಿದೆ 42 ಕಾನೂನುಗಳ 183 ಕಲಮುಗಳಲ್ಲಿ ಸಣ್ಣ ತಪ್ಪಿಗೆ ಜೈಲು ಎಂಬುದನ್ನು ಸಡಿಲಿಸಿತು.

ನಮ್ಮ ಉದ್ಯೋಗಕ್ಕೆ ನೇರ ಸಂಬಂಧಿಸಿದ್ದು ಇದು: 2019-20ರ ಕೇಂದ್ರ ಆರ್ಥಿಕ ಸಮೀಕ್ಷೆ ಹೋಟೆಲ್ ತೆರೆಯುವ ಕಷ್ಟವನ್ನು ಲೆಕ್ಕ ಹಾಕಿ ತೋರಿಸಿತು. ಹೋಟೆಲ್ ತೆರೆಯಲು ಬೆಂಗಳೂರಿನಲ್ಲಿ 36, ದಿಲ್ಲಿಯಲ್ಲಿ 26, ಮುಂಬಯಿಯಲ್ಲಿ 22 ಅನುಮತಿ ಬೇಕು ಎಂದಿತು. ದಿಲ್ಲಿಯಲ್ಲಿ ಪೊಲೀಸರ ಹೋಟೆಲ್ ಲೈಸನ್ಸಿಗೆ 45 ಕಾಗದಪತ್ರ, ಹೊಸ ಬಂದೂಕಿನ ಲೈಸನ್ಸಿಗೆ 19! ಕಡೆಗೆ 2025ರ ಜೂನಿನಲ್ಲಿ ದಿಲ್ಲಿಯಲ್ಲಿ ಹೋಟೆಲುಗಳಿಗೆ ಲೈಸನ್ಸ್ ಕೊಡುವ ಅಧಿಕಾರವನ್ನು ಪೊಲೀಸರಿಂದ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಒಬ್ಬ ಪೂಜಾರಿಯಾದರೂ ಕಡಿಮೆಯಾದ.

ಕಥೆ ಮುಗಿದಿಲ್ಲ

ಮುಕ್ತ ಪೇಟೆ ಗೆದ್ದೇಬಿಟ್ಟಿತು ಎಂದು ತಿಳಿಯಬೇಡಿ. ಲೆವಿ ಸಕ್ಕರೆ 2013ರಲ್ಲಿ ಹೋಯಿತು, ಆದರೆ ಕಾರ್ಖಾನೆಗಳಿಗೆ ತಿಂಗಳ ಕೋಟಾ 2018ರಲ್ಲಿ ತಿರುಗಿ ಬಂತು. 2020ರ ಮೂರು ಕೃಷಿ ಕಾಯಿದೆಗಳು ರೈತರ ಹೋರಾಟದಿಂದಾಗಿ 2021ರಲ್ಲಿ ವಾಪಸಾದವು. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು 2023ರ ಜುಲೈಯಿಂದ 2024ರ ಸಪ್ಟೆಂಬರ್ ತನಕ ನಿಂತಿತ್ತು, ಈರುಳ್ಳಿ ರಫ್ತು 2023ರ ಡಿಸೆಂಬರಿನಿಂದ 2024ರ ಮೇ ತನಕ. ನಾವು ಅಗ್ಗದ ಈರುಳ್ಳಿ ಕೊಂಡು ಖುಷಿಪಟ್ಟೆವು. ನಾಸಿಕದ ರೈತ ಅತ್ತ. ಅವನೂ ನಮ್ಮ ಹಾಗೆ ವ್ಯಾಪಾರಿಯೇ ತಾನೇ?

ಹಾಗೆಯೇ ಪೇಟೆಯೊಂದೇ ಎಲ್ಲವನ್ನೂ ಸರಿ ಮಾಡುತ್ತದೆ ಎಂಬುದೂ ನಿಜವಲ್ಲ. ಹಣವಿಲ್ಲದವನ ಹಸಿವು ಪೇಟೆಯ ಕಿವಿಗೆ ಬೀಳುವುದಿಲ್ಲ. ಬರಗಾಲದಲ್ಲಿ ಪಡಿತರ ಬೇಕು. 2020ರ ಲಾಕ್‌ಡೌನಿನಲ್ಲಿ ನಮ್ಮ ಕೆಲಸದ ಹುಡುಗರು ಊರಿಗೆ ನಡೆದು ಹೋಗುವಾಗ ಉಚಿತ ಅಕ್ಕಿ ಎಷ್ಟೋ ಮನೆಗಳನ್ನು ಉಳಿಸಿತು. ಬಡವನಿಗೆ ನೇರವಾಗಿ ಸಹಾಯ ಮಾಡುವುದು ಬೇರೆ, ಎಲ್ಲರ ಬೆಲೆಯನ್ನೂ ಕಟ್ಟಿಹಾಕುವುದು ಬೇರೆ. ಮೊದಲನೆಯದು ಧರ್ಮ, ಎರಡನೆಯದರಿಂದ ಬಡವನಿಗೂ ಬಹುಕಾಲ ಲಾಭವಿಲ್ಲ.

ನಮಗೇ ಅನ್ವಯಿಸಿದಾಗ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತನಗೊಂದು ನ್ಯಾಯ ಪರರಿಗೊಂದು ನ್ಯಾಯ ಆದರೆ ಅದು ತತ್ತ್ವವಲ್ಲ, ಬರೀ ಸ್ವಾರ್ಥ.

1. ಕನಿಷ್ಠ ದರ: ಸಂಘದವರೆಲ್ಲ ಸೇರಿ ಚಹಾಕ್ಕೆ, ಊಟಕ್ಕೆ ಇಂತಿಷ್ಟೇ ದರ ಎಂದು ಠರಾವು ಮಾಡುವುದು ತತ್ತ್ವಕ್ಕೂ ವಿರುದ್ಧ, ಕಾನೂನಿಗೂ ವಿರುದ್ಧ. 2002ರ ಸ್ಪರ್ಧಾ ಕಾಯಿದೆಯ 3ನೇ ಕಲಮಿನ ಪ್ರಕಾರ ಪೈಪೋಟಿಯವರು ಸೇರಿ ಬೆಲೆ ಗೊತ್ತು ಮಾಡುವುದು ನಿಷಿದ್ಧ, ಸಂಘದ ಹೆಸರಿನಲ್ಲಿ ಮಾಡಿದರೂ ಅಷ್ಟೇ. ದಂಡ ವಹಿವಾಟಿನ ಶೇಕಡಾ 10ರ ತನಕ ಹೋಗಬಹುದು. ಸಂಘ ಖರ್ಚಿನ ಲೆಕ್ಕ ಹಾಕುವ ವಿಧಾನ ಕಲಿಸಲಿ. ದರ ಅವರವರ ಗಲ್ಲಾದಲ್ಲಿ ಅವರವರೇ ನಿಶ್ಚಯಿಸಲಿ.

2. ಆ್ಯಪ್‌ನವರ ಕಮಿಷನ್: ಕಮಿಷನ್ ಹೆಚ್ಚು ಎಂಬ ನೋವು ನನಗೂ ಇದೆ. ಆದರೆ ಸರಕಾರ ಇವತ್ತು ಅವರ ಕಮಿಷನ್ ಕಟ್ಟಿದರೆ ನಾಳೆ ನಮ್ಮ ಮಸಾಲೆ ದೋಸೆಯ ದರ ಕಟ್ಟಲು ಯಾವ ಬಾಯಿಂದ ಬೇಡ ಎನ್ನುತ್ತೇವೆ? ಸರಿಯಾದ ದಾರಿ ಮೇಲೆ ಹೇಳಿದ ಕಾಯಿದೆಯಲ್ಲೇ ಇದೆ. ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘ ದೂರು ಕೊಟ್ಟ ಮೇಲೆ 2022ರ ಏಪ್ರಿಲಿನಲ್ಲಿ ಸ್ಪರ್ಧಾ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಮೇಲೆ ತನಿಖೆಗೆ ಆದೇಶ ಮಾಡಿತು. ನಮ್ಮನ್ನು ಕಟ್ಟುವ ಕಾನೂನೇ ದೊಡ್ಡವರನ್ನೂ ಕಟ್ಟುತ್ತದೆ. ಪೇಟೆಯಲ್ಲಿ ಯಜಮಾನಿಕೆ ನಡೆಸಬಾರದು ಎಂದು ಕೇಳುವುದು ಬೇರೆ, ನಮಗೆ ಬೇಕಾದ ದರ ಹಾಕಿಕೊಡಿ ಎಂದು ಕೇಳುವುದು ಬೇರೆ.

3. ಎದುರಿನ ಗಾಡಿ: ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕಪ್ಪು ತೊಳೆದು, ಬೀದಿ ಬದಿಯಲ್ಲಿ ಚಹಾ ಮಾರಿ ಮೇಲೆ ಬಂದವರು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಗಾಡಿಯವನಿಗೂ ಹಕ್ಕು ಕೊಟ್ಟಿದೆ. ಅವನನ್ನು ಎಬ್ಬಿಸಿ ಎಂದು ಕೇಳಬಾರದು. ಶುದ್ಧ ನೀರು, ಶುಚಿತ್ವ, ಕಸ ವಿಲೇವಾರಿಯ ನಿಯಮ ಅವನಿಗೂ ನಮಗೂ ಒಂದೇ ಇರಲಿ ಎಂದು ಕೇಳಬೇಕು.

4. ಕೆಲಸದವರು: ಒಬ್ಬರ ಭಟ್ಟರನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು ಎಂದು ಮಾಲೀಕರು ಮಾತಾಡಿಕೊಳ್ಳುವುದುಂಟು. ನಮಗೆ ಬೆಲೆಯ ಸ್ವಾತಂತ್ರ್ಯ ಬೇಕಾದರೆ ಅವರ ಕೈರುಚಿಗೂ ಬೆಲೆ ಕೇಳುವ ಸ್ವಾತಂತ್ರ್ಯ ಬೇಡವೇ? 29 ಕಾನೂನುಗಳನ್ನು ಸೇರಿಸಿ ಮಾಡಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕೆಲಸದವರಿಗೆ ನೇಮಕ ಪತ್ರ ಕೊಡಬೇಕು ಎಂದು ಅದರಲ್ಲಿದೆ. ಒಳ್ಳೆಯ ಮಾಲೀಕನಿಗೆ ಇದರಿಂದ ಹೆದರಿಕೆ ಇಲ್ಲ.

5. ಲೈಸನ್ಸ್: ಲೈಸನ್ಸೇ ಬೇಡ ಎಂದು ಕೇಳುವುದು ಸರಿಯಲ್ಲ. ಗಿರಾಕಿ ಕಣ್ಣು ಮುಚ್ಚಿ ಉಣ್ಣುವುದು ನಂಬಿಕೆಯ ಮೇಲೆ. ಆ ನಂಬಿಕೆ ಕಾಯುವ ಆಹಾರ ಸುರಕ್ಷತೆಯ ಕಾನೂನು ನಮಗೇ ಬೇಕು. ಅನುಮತಿಗಳು ಕಡಿಮೆಯಿರಲಿ, ನಿಯಮ ಕಾಗದದ ಮೇಲೆ ಸ್ಪಷ್ಟವಿರಲಿ, ದಿನ ಗೊತ್ತಿರಲಿ, ಅಧಿಕಾರಿಯ ಮರ್ಜಿ ಇಲ್ಲದಿರಲಿ. ನಮ್ಮ ಮನವಿ ಇಷ್ಟಕ್ಕೇ ನಿಲ್ಲಬೇಕು.

ಸದಸ್ಯರು ತಮ್ಮಲ್ಲಿ ಚರ್ಚಿಸಲು

ಸಂಘದ ಪರವಾಗಿ ಸರಕಾರಕ್ಕೆ ಮುಂದಿನ ಮನವಿ ಬರೆಯುವ ಮೊದಲು ಈ ಮೂರು ಪ್ರಶ್ನೆ ಕೇಳಿಕೊಳ್ಳೋಣ.

ಒಂದು, ನಾವು ಕೇಳುತ್ತಿರುವುದು ಎಲ್ಲರಿಗೂ ಸಲ್ಲುವ ನಿಯಮವೋ, ನಮಗೆ ಮಾತ್ರ ರಿಯಾಯಿತಿಯೋ?

ಎರಡು, ಇದೇ ನಿಯಮವನ್ನು ನಾಳೆ ನಮ್ಮ ಮೇಲೆ ಹಾಕಿದರೆ ಒಪ್ಪುತ್ತೇವೆಯೇ?

ಮೂರು, ಇದರಿಂದ ಇನ್ನೂ ಹೋಟೆಲ್ ತೆರೆಯದ, ಊರಿಂದ ಈಗಷ್ಟೇ ಬಂದಿರುವ ಹುಡುಗನಿಗೆ ದಾರಿ ತೆರೆಯುತ್ತದೆಯೋ, ಮುಚ್ಚುತ್ತದೆಯೋ?

ಮೂರನೆಯ ಪ್ರಶ್ನೆ ಮುಖ್ಯ. ಪರ್ಮಿಟ್ ರಾಜ್ಯವನ್ನು ಕಟ್ಟಿದ್ದು ಸರಕಾರ ಮಾತ್ರವಲ್ಲ. ಪರ್ಮಿಟ್ ಕೈಗೆ ಸಿಕ್ಕಿದ ವ್ಯಾಪಾರಿಗಳೂ ಹಿಂದಿನಿಂದ ಬರುವವನಿಗೆ ಬಾಗಿಲು ಹಾಕಲು ಅದನ್ನೇ ಬಳಸಿದರು. ಶೆಣೈಯವರು ಒಬ್ಬರೇ ನಿಂತು ಹೇಳಿದ ಮಾತು ನೀತಿಯಾಗಲು ಮೂವತ್ತಾರು ವರ್ಷ ಹಿಡಿಯಿತು. ಸಿಕ್ಕಿದ ಸ್ವಾತಂತ್ರ್ಯ ಉಳಿಯುವುದು ನಾವು ಅದನ್ನು ಎದುರಿನವನಿಗೂ ಕೊಟ್ಟರೆ ಮಾತ್ರ.